ಇಳಿಯೋದಕ್ಕೂ ಸಂಬಳ

ನಾನು ಹಿಮದ ಬೆಟ್ಟ ಇಳಿದು ಸಂಬಳ ತೆಗೆದುಕೊಂಡವಳು ಎಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಕಾಲು ನೋಡುತ್ತಾರೆ. ಬಲಗಾಲನ್ನು ಕೊಂಚ ಎಳೆದು ನಡೆಯುವುದರಿಂದ ಅರ್ಧ ನಂಬುತ್ತಾರೆ. ಉಳಿದರ್ಧ ನಂಬಿಸಲು ನಾನು ಯಾವತ್ತೂ ಹೋಗಿಲ್ಲ. ಡಿಸೆಂಬರಿನ ಬೆಳಗ್ಗೆ ಮಂಕಿ ಕ್ಯಾಪ್ ಹಾಕಿಕೊಂಡು ಹಾಲು ತರಲು ಹೋಗುವುದನ್ನೇ ಮಹಾ ಚಳಿ ಎಂದುಕೊಂಡಿದ್ದ ಹಲಸೂರಿನ ಮನೆಯಲ್ಲಿ ಸ್ಕೀ ಓಟಗಾರ್ತಿಯೊಬ್ಬಳು ಹುಟ್ಟಿದಳು ಎಂಬುದು ನನಗೇ ಆಗಾಗ ಸುಳ್ಳೆನಿಸುತ್ತದೆ.

ನಮ್ಮದು ಹಳೇ ಹಲಸೂರಿನ ಮನೆತನ. ತಾತನ ಕಾಲದಲ್ಲಿ ಕೆರೆಯ ಹಿಂದೆ ಸೊಪ್ಪು, ಬದನೆಕಾಯಿ ಬೆಳೆದು ದಂಡಿನ, ಅಂದರೆ ಕಂಟೋನ್ಮೆಂಟಿನ, ಮಾರುಕಟ್ಟೆಗೆ ಹೊತ್ತು ಹಾಕುತ್ತಿದ್ದರಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಸೊಪ್ಪಿನ ಮಡಿಗಳಿದ್ದ ಜಾಗದಲ್ಲಿ ಸಾಲುಮನೆಗಳು ಎದ್ದು ನಿಂತಿದ್ದವು. ಕಲಬುರಗಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಸಂಸಾರಗಳು ಅವುಗಳಲ್ಲಿ ಬಾಡಿಗೆಗಿದ್ದವು. ಅಪ್ಪ ಬಾಡಿಗೆ ವಸೂಲಿ ಮಾಡುತ್ತಿದ್ದ, ಉಳಿದ ಹೊತ್ತು ಜಗಲಿಯ ಮೇಲೆ ಕೂತು ಪೇಪರು ಓದುತ್ತಿದ್ದ.

ಅಮ್ಮ ತಿಕ್ಕುತ್ತಿದ್ದಳು. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ನನ್ನ ಕ್ರೀಡಾಜೀವನದ ಅರ್ಧ ಕಥೆ ಇದರಲ್ಲೇ ಇದೆ. ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕದಲ್ಲಿ ಅವಳ ಸರಂಜಾಮು ಸದಾ ಸಿದ್ಧವಾಗಿರುತ್ತಿತ್ತು: ಹಳೇ ಹುಣಸೆಹಣ್ಣು, ಇಟ್ಟಿಗೆಪುಡಿ, ತೆಂಗಿನ ನಾರು. ಹಿತ್ತಾಳೆ, ತಾಮ್ರ, ಕಿಟಕಿಯ ಸರಳು, ಅಪ್ಪನ ಸ್ಕೂಟರಿನ ಸೈಲೆನ್ಸರು, ಯಾವುದಕ್ಕೂ ಭೇದವಿಲ್ಲ. ಸೋದರತ್ತೆಯೊಬ್ಬಳು ಕಮರ್ಷಿಯಲ್ ಸ್ಟ್ರೀಟಿನಿಂದ ದೋಸೆ ಅಂಟದ ಕರೀ ತವಾ ತಂದುಕೊಟ್ಟಾಗ ಅಮ್ಮ ಹಟ ಹಿಡಿದು ದಿನಾ ತಿಕ್ಕಿ ತಿಕ್ಕಿ ಅದರ ಕರಿಯನ್ನೆಲ್ಲ ಕಿತ್ತುಹಾಕಿದಳು. ಒಳಗಿನ ಬಿಳೀ ಅಲ್ಯೂಮಿನಿಯಂ ಹೊಳೆಯತೊಡಗಿದ ಮೇಲೆ, "ನೋಡು, ಸುಟ್ಟ ಪಾತ್ರೆ ಕೊಟ್ಟಿದ್ಲು ನಿಮ್ಮತ್ತೆ. ಹೊಸದಾಗಿ ಹೆಂಗ್ ಮಾಡಿದೀನಿ" ಎಂದು ಬಾಡಿಗೆಯವರಿಗೆಲ್ಲ ತೋರಿಸಿದಳು. ಅವತ್ತಿನಿಂದ ಆ ತವಾದಲ್ಲಿ ದೋಸೆ ಎದ್ದದ್ದೇ ಇಲ್ಲ. ಅದಕ್ಕೂ ಅತ್ತೆಗೇ ಬೈಗುಳ.

ತೊಂಬತ್ತರ ದಶಕದಲ್ಲಿ ದಂಡಿನ ಮಕ್ಕಳಿಗೆಲ್ಲ ಚಕ್ರದ ಸ್ಕೇಟಿಂಗಿನ ಹುಚ್ಚು. ನನಗೂ ಹಿಡಿಯಿತು. ಇಂದಿರಾನಗರದ ಒಳರಸ್ತೆಗಳಲ್ಲಿ ಆಗಿನ್ನೂ ವಾಹನ ಕಡಿಮೆ. ಬೆಳಗಿನ ಹೊತ್ತು ಅಲ್ಲಿನ ಇಳಿಜಾರಿನಲ್ಲಿ ಕೈ ಚಾಚಿಕೊಂಡು ಬರುತ್ತಿದ್ದರೆ ಹಾಲಿನವರು ಸೈಕಲ್ ಇಳಿದು ದಾರಿ ಬಿಡುತ್ತಿದ್ದರು. ಒಂದೆರಡು ಪಂದ್ಯ ಗೆದ್ದೆ. ಗೆದ್ದ ಕಪ್ಪುಗಳನ್ನೂ ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕಿ, ಚಿನ್ನದ ಬಣ್ಣ ಕಳೆದು, ತವರ ಮಾಡಿ ಇಟ್ಟಳು.

ಅಂಥ ಒಂದು ಪಂದ್ಯದಲ್ಲಿ ನನ್ನನ್ನು ನೋಡಿದವರು ಕಾರ್ಯದರ್ಶಿಗಳು. ರಾಜ್ಯದಲ್ಲಿ ಹಿಮಕ್ರೀಡೆಗೆಂದು ಒಂದು ಸಂಘವಿತ್ತು. ಸಂಘ ಎಂದರೆ ಅದರ ಕಾರ್ಯದರ್ಶಿ. ಕಾರ್ಯದರ್ಶಿ ಎಂದರೆ ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಗಲ್ಲಿಯಲ್ಲಿ ಕ್ರಿಕೆಟ್ ಬ್ಯಾಟು, ಕೇರಂ ಬೋರ್ಡು ಮಾರುತ್ತಿದ್ದ ಅಂಗಡಿಯ ಮಾಲೀಕರು. ಉತ್ತರದ ಬೆಟ್ಟದಲ್ಲಿ ಪ್ರತಿ ಚಳಿಗಾಲ ನಡೆಯುವ ರಾಷ್ಟ್ರೀಯ ಪಂದ್ಯಕ್ಕೆ ರಾಜ್ಯದ ತಂಡ ಹೋದರೆ ಮಾತ್ರ ಅವರಿಗೂ ಪ್ರಯಾಣ. ತಂಡ ಎಂದ ಮೇಲೆ ಅದರಲ್ಲಿ ಹೆಂಗಸರೂ ಇರಬೇಕು. ಏಪ್ರಿಲ್ ಬಿಸಿಲಿನಲ್ಲಿ ಉಣ್ಣೆಯ ಸ್ವೆಟರನ್ನು ಹೆಗಲಿಗೆ ಸುತ್ತಿಕೊಂಡು ಅವರು ನಮ್ಮ ಮನೆಗೆ ಬಂದರು.

"ಬ್ಯಾಲೆನ್ಸ್ ಇದೆ ಸಾರ್ ನಿಮ್ ಮಗಳಿಗೆ, ಧೈರ್ಯ ಇದೆ. ಇನ್ನೇನ್ ಬೇಕು?" ಎಂದು ಅಪ್ಪನ ಮುಂದೆ ಕೂತರು. "ಡೌನ್‌ಹಿಲ್ ಅಂತ ಒಂದು ಐಟಂ ಇದೆ. ಬೆಟ್ಟದ ಮೇಲಿಂದ ಕೆಳಗೆ. ಅಷ್ಟೇ."

"ಹಿಮ ನೋಡಿಲ್ವಲ್ಲ ಅವಳು."

"ನಾನೇ ನೋಡಿದ್ದು ಹೋದ್ವರ್ಷ ಸಾರ್," ಎಂದರು ಕಾರ್ಯದರ್ಶಿಗಳು. ಅವರ ಆ ಪ್ರಾಮಾಣಿಕತೆ ನನಗೆ ಇವತ್ತಿಗೂ ಇಷ್ಟ.

ಅಭ್ಯಾಸ ಹೇಗೆ ನಡೆಯಿತೆಂದು ಹೇಳಿದರೆ ನಗಬೇಡಿ ಎನ್ನುವುದಿಲ್ಲ, ನಗಿ. ಮಳೆ ಬಿದ್ದ ಮಾರನೇ ಬೆಳಗ್ಗೆ ಮೈದಾನದ ದಿಬ್ಬದ ಒದ್ದೆ ಹುಲ್ಲಿನ ಮೇಲೆ ಕಾಲಿಗೆ ಸ್ಕೀ ಎಂಬ ಉದ್ದನೆಯ ಹಲಗೆಗಳನ್ನು ಕಟ್ಟಿಕೊಂಡು ಜಾರುವುದು. ಸ್ಕೀಗಳು ಯಾವನೋ ವಿದೇಶಿ ಪ್ರವಾಸಿ ಬಿಟ್ಟುಹೋದವು, ಸಂಘದ ಆಸ್ತಿ. ಅವುಗಳ ತಳದಲ್ಲಿ ಆಗಲೇ ಬೇಕಾದಷ್ಟು ಗೀರುಗಳಿದ್ದವು. ಮಳೆ ಇಲ್ಲದ ದಿನ ನಮ್ಮ ಹಿತ್ತಲಿನಲ್ಲಿ ಅವನ್ನು ತೊಟ್ಟು, ಮಂಡಿ ಮಡಿಸಿ, ಎದೆಯನ್ನು ತೊಡೆಗೆ ತಾಗಿಸಿ, ಮೊಟ್ಟೆಯ ಆಕಾರದಲ್ಲಿ ಕೂತಿರುವುದು. ಗಾಳಿ ತಡೆಯಬಾರದೆಂದು ಹಾಗೆ ಕೂರಬೇಕಂತೆ. ಹಿತ್ತಲಿನಲ್ಲಿ ಗಾಳಿಯೇ ಇರಲಿಲ್ಲ. ಮೊದಲನೇ ಮನೆಯ ಬಾಡಿಗೆಯಾಕೆ, ಕಲಬುರಗಿ ಕಡೆಯವಳು, ಕೊಡ ಸೊಂಟದ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿ ಅಮ್ಮನನ್ನು ಕೇಳಿದಳು: "ಅಕ್ಕೋರ, ಹುಡುಗಿಗಿ ಹೊಟ್ಟಿ ನೋವೇನ್ರಿ?"

ಅಮ್ಮನಿಗೆ ಈ ಆಟವೇ ಒಪ್ಪಿಗೆಯಿರಲಿಲ್ಲ. "ಬೆಟ್ಟ ಹತ್ತೋರನ್ನ ಕೇಳಿದೀನಿ. ದೇವರಿಗೆ ಹತ್ತುತಾರೆ. ಇಳಿಯೋದಕ್ಕೇ ಅಂತ ಯಾರಾದ್ರೂ ಹೋಗ್ತಾರೇನೇ?" ಎನ್ನುತ್ತಿದ್ದಳು. ಆದರೆ ಹೊರಟ ದಿನ ಮಗಳ ಸಾಮಾನಿಗೆ ಪೂಜೆ ಮಾಡದೆ ಕಳಿಸುವಷ್ಟು ಗಟ್ಟಿ ಮನಸ್ಸೂ ಅವಳಿಗಿರಲಿಲ್ಲ. ಲಾರಿಗೆ, ಹೊಲಿಗೆ ಯಂತ್ರಕ್ಕೆ, ಕರಣೆಗೆ ಮಾಡುವ ಹಾಗೆ ಸ್ಕೀಗಳಿಗೂ ಅರಿಶಿನ ಕುಂಕುಮ, ಒಂದೊಂದು ದಾಸವಾಳ, ಮೇಲೊಂದು ನಿಂಬೆಹಣ್ಣು. ಪೂಜೆ ಮುಗಿಸಿ ಅವನ್ನು ಹಳೇ ಜಮಖಾನದ ಚೀಲದಲ್ಲಿ ತಾನೇ ಕಟ್ಟಿಕೊಡುತ್ತಿದ್ದಳು. ಆ ಗಂಟು ಬಿಚ್ಚುವುದು ಬೆಟ್ಟದ ಮೇಲೆಯೇ.

ದಿಲ್ಲಿಗೆ ರೈಲು, ಅಲ್ಲಿಂದ ಬಸ್ಸು, ಆಮೇಲೆ ಗಢವಾಲದ ಬೆಟ್ಟಕ್ಕೆ ಸುತ್ತಿ ಸುತ್ತಿ ಹತ್ತುವ ಇನ್ನೊಂದು ಬಸ್ಸು. ಮೊದಲ ಸಲ ಹಿಮ ಕಂಡದ್ದು ಅಲ್ಲಿ. ಕಾರ್ಯದರ್ಶಿಗಳು ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡು, "ಫ್ರಿಜ್ಜಿಂದೇ ಟೇಸ್ಟು" ಎಂದರು. ಅವತ್ತು ಇಡೀ ಇಳಿಜಾರು ಕಣ್ಣೆದುರು ಬಿದ್ದಿತ್ತು, ಬೆಳಗಿನ ಬಿಸಿಲಿಗೆ ಹೊಳೆಯುತ್ತಿತ್ತು, ಅದರ ಮೇಲೆ ಆ ಬೆಟ್ಟದೂರುಗಳ ಹುಡುಗಿಯರು ಸದ್ದಿಲ್ಲದೆ ಬೀಳುವ ಹಾಗೆ ಇಳಿದು ಬರುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಯಿತು. ಪ್ರೀತಿಯೂ ಆಯಿತು. ಹಾಗೆ ಇಳಿಯಬೇಕು, ಒಂದೇ ಒಂದು ಸಲವಾದರೂ ಹಾಗೆ ಇಳಿಯಬೇಕು ಎಂಬ ಆಸೆ ಅವತ್ತು ಹತ್ತಿಕೊಂಡದ್ದು ಬಿಡಲೇ ಇಲ್ಲ.

ನಾನು ಇಳಿದೆ. ಸ್ಕೀ ಇಳಿಯಲಿಲ್ಲ. ಹೇಗೆ ಹೇಳುವುದು, ತಳ್ಳಿದರೆ ಹೋಗುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು. ಬೆಟ್ಟದ ಅರ್ಧದಲ್ಲಿ ಎಡಕ್ಕೆ ಒಂದು ದೊಡ್ಡ ತಿರುವಿದೆ. ಬೇರೆಯವರು ಅಲ್ಲಿ ಸ್ಕೀಯ ಅಂಚಿನ ಮೇಲೆ ಒರಗಿ ಪ್ರಾಣ ಕೈಯಲ್ಲಿ ಹಿಡಿದು ದಾಟುತ್ತಿದ್ದರೆ ನಾನು ಕೈಗೋಲು ಊರಿಕೊಂಡು, ಬಸ್ ಸ್ಟಾಪಿಗೆ ಹೋಗುವವಳ ಹಾಗೆ ದಾಟುತ್ತಿದ್ದೆ. ಮೈಗೆ ಅಂಟುವ ಓಟದ ಉಡುಪನ್ನು ಶಿವಾಜಿನಗರದ ಟೈಲರ್ ಚಾಚಾ ಹೊಲಿದಿದ್ದರು. "ಥೋಡಾ ಲೂಸ್ ಇರ್ಲಿ ಬೇಟಿ, ಹೆಣ್ಮಕ್ಕಳು" ಎಂದು ಕಾಳಜಿಯಿಂದ ಬಿಟ್ಟ ಬಟ್ಟೆಯಲ್ಲಿ ಗಾಳಿ ತುಂಬಿಕೊಂಡು ಡೇರೆಯಾಗುತ್ತಿತ್ತು. ಕೊನೆಯ ಸ್ಥಾನ. ಓಟ ಮುಗಿಯುವ ಗೆರೆಯ ಹತ್ತಿರ ಗಡಿಯಾರ ಹಿಡಿದ ಫೌಜಿ ಸಿಪಾಯಿ ಚಹಾ ಕುಡಿಯಲು ಹೋಗಿಬಿಟ್ಟಿದ್ದ. ಅವನನ್ನು ಕೂಗಿ ಕರೆಸಿದರು.

ಆದರೂ ಪ್ರಮಾಣಪತ್ರ ಕೊಟ್ಟರು. ಅದನ್ನು ನೋಡಿ ಒಂದು ಕಾರ್ಖಾನೆ, ಅದರ ಹೆಸರು ಬೇಡ, ಆಟಗಾರರ ಕೋಟಾದಲ್ಲಿ ನನ್ನನ್ನು ಉಗ್ರಾಣದ ಕಚೇರಿಗೆ ತೆಗೆದುಕೊಂಡಿತು. ಅಲ್ಲಿ ಕಬಡ್ಡಿಯವರಿದ್ದರು, ಭಾರ ಎತ್ತುವವರಿದ್ದರು. ಹಿಮದವರು ಯಾರೂ ಇರಲಿಲ್ಲ, ಪಕ್ಕದ ಕಾರ್ಖಾನೆಯಲ್ಲೂ ಇರಲಿಲ್ಲವೆಂದು ನನ್ನ ಸಾಹೇಬರಿಗೆ ಭಾರೀ ಹೆಮ್ಮೆ. ಚಳಿಗಾಲದಲ್ಲಿ ಸಂಬಳದ ರಜೆ, ಬೆಟ್ಟಕ್ಕೆ ಹೋಗಿಬರುವ ಖರ್ಚು. ಅಂದರೆ ನಾನು ವೃತ್ತಿಪರ ಸ್ಕೀ ಓಟಗಾರ್ತಿ. ಅಪ್ಪ ಪೇಪರು ಮಡಿಸಿಟ್ಟು ಕೇಳಿದ: "ಹತ್ತೋದಕ್ಕಾದ್ರೆ ಕೊಡ್ಲಪ್ಪ. ಇಳಿಯೋದಕ್ಕೂ ಸಂಬಳ ಕೊಡ್ತಾರಾ?"

ಷರತ್ತೊಂದಿತ್ತು. ಕೆಲಸ ತಾತ್ಕಾಲಿಕ, ರಾಷ್ಟ್ರೀಯ ಪಂದ್ಯದಲ್ಲಿ ಮೊದಲ ಮೂರರಲ್ಲಿ ಬಂದರೆ ಖಾಯಂ. ಖಾಯಂ ಆದರೆ ಮಾತ್ರ ಮುಂದೆಯೂ ಪ್ರತಿ ಚಳಿಗಾಲ ಬೆಟ್ಟ. ಇಲ್ಲದಿದ್ದರೆ ಕೆಲಸವೂ ಇಲ್ಲ, ಬೆಟ್ಟವೂ ಇಲ್ಲ. ಸ್ವಂತ ಖರ್ಚಿನಲ್ಲಿ ಹೋಗು ಎಂದು ಅಪ್ಪ ಬಾಡಿಗೆ ದುಡ್ಡು ಕೊಡುವ ಆಸಾಮಿಯಲ್ಲ. ಹಾಗಾಗಿ ಪದಕವೆಂದರೆ ನನಗೆ ಕೊರಳಿಗೆ ಹಾಕುವ ವಸ್ತುವಾಗಿರಲಿಲ್ಲ, ಮತ್ತೆ ಬೆಟ್ಟ ನೋಡುವ ದಾರಿಯಾಗಿತ್ತು.

ಸ್ಕೀ ಓಡಬೇಕಾದರೆ ತಳಕ್ಕೆ ಮೇಣ ಬೇಕು. ಬಿಸಿ ಮಾಡಿ ಸವರಿ, ಆರಿದ ಮೇಲೆ ಹೆರೆದು, ನುಣ್ಣಗೆ ಉಜ್ಜಬೇಕು. ಅದಕ್ಕೆಂದೇ ಮೇಣ ಬರುತ್ತದೆ; ಸಂಘಕ್ಕೆ ಬರುತ್ತಿರಲಿಲ್ಲ. ನಾನು ಶಿವಾಜಿನಗರದ ಚರ್ಚಿನ ಮುಂದೆ ಮಾರುವ ಉದ್ದನೆಯ ಮೇಣದಬತ್ತಿ ತರುತ್ತಿದ್ದೆ. "ಮೇರಿಯಮ್ಮನಿಗೆ ಹಚ್ಚೋದನ್ನ ಕಾಲಿಗೆ ಹಾಕ್ಕೋತೀಯಲ್ಲೇ" ಎಂದು ಅಮ್ಮ ಕೆನ್ನೆ ಬಡಿದುಕೊಳ್ಳುತ್ತಿದ್ದಳು. ಬತ್ತಿಯನ್ನು ಇಸ್ತ್ರಿಪೆಟ್ಟಿಗೆಗೆ ತಾಗಿಸಿ ಕರಗಿಸಿ, ಸ್ಕೀಯ ಉದ್ದಕ್ಕೂ ಎಳೆಯುತ್ತಿದ್ದೆ. ಅಪ್ಪನ ಬಿಳೀ ಶರ್ಟುಗಳ ಬೆನ್ನಿಗೆ ಮೇಣದ ಕಲೆಯಾದದ್ದು ಆಗಲೇ. ಹೊರಡುವ ಹಿಂದಿನ ಸಂಜೆ ಕನ್ನಡಿಯ ಹಾಗೆ ನುಣುಪು ಮಾಡಿ ಗೋಡೆಗೆ ಒರಗಿಸುತ್ತಿದ್ದೆ. ಬೆಟ್ಟದ ಮೇಲೆ ಗಂಟು ಬಿಚ್ಚಿ ನೋಡಿದರೆ ತಳವೆಲ್ಲ ಬೆಳ್ಳಗೆ, ಒಣಒಣ, ಬೂದಿ ಹಚ್ಚಿದಂತೆ. ನನಗೇನು ಗೊತ್ತು? ರೈಲಿನ ಬಿಸಿಗೆ ಮೇಣ ಇಂಗಿಹೋಗಿದೆ ಎಂದುಕೊಂಡೆ. ತರಬೇತುದಾರನನ್ನು ಕೇಳಿದೆ. ಆ ಪುಣ್ಯಾತ್ಮ ಬೆಟ್ಟದೂರಿನವನೇ, ತಿಳಿದವನೇ, ಆದರೆ ನಮ್ಮ ತಂಡವನ್ನು ನೋಡಿದಾಗಲೆಲ್ಲ ಅವನಿಗೆ ನಿದ್ದೆ ಬರುತ್ತಿತ್ತು. ಸ್ಕೀಯನ್ನು ತಿರುಗಿಸಿಯೂ ನೋಡದೆ, "ದಕ್ಷಿಣದ ಮೇಣ. ಚಳಿಗೆ ಹೆದರುತ್ತೆ" ಎಂದು ಹಿಂದಿಯಲ್ಲಿ ಹೇಳಿ ಮಗ್ಗುಲು ಬದಲಿಸಿದ. ಮತ್ತೆ ಹಾಕೋಣವೆಂದರೆ ಅಲ್ಲಿ ಕರೆಂಟು ಇದ್ದಾಗ ಇಸ್ತ್ರಿಪೆಟ್ಟಿಗೆ ಇಲ್ಲ, ಇಸ್ತ್ರಿಪೆಟ್ಟಿಗೆ ಸಿಕ್ಕಾಗ ಅದು ಕಾರ್ಯದರ್ಶಿಗಳ ಕೋಟಿನ ಮೇಲೆ.

ಹೀಗೆ ವರ್ಷಗಳು ಹೋದವು. ಕೊನೆಯ ಸ್ಥಾನ, ಕೊನೆಯಿಂದ ಎರಡನೆಯದು, ಮತ್ತೆ ಕೊನೆಯ ಸ್ಥಾನ. ಒಂದು ವಿಷಯದಲ್ಲಿ ಮಾತ್ರ ನಾನು ಹೆಸರು ಮಾಡಿದೆ: ನಾನು ಯಾವತ್ತೂ ಬೀಳುತ್ತಿರಲಿಲ್ಲ. ಬೀಳಲು ಬೇಕಾದಷ್ಟು ವೇಗವೇ ನನಗೆ ಬಂದಿರಲಿಲ್ಲ. ಇತ್ತ ಬೆಂಗಳೂರಿನಲ್ಲಿ ನನ್ನ ಕೀರ್ತಿ ಬೆಳೆಯುತ್ತಲೇ ಇತ್ತು. ಫ್ಲೆಕ್ಸ್ ಬಂದ ಕಾಲ. ಪ್ರತಿ ಸಲ ಹೊರಡುವ ಮುಂಚೆ ನಮ್ಮ ಬೀದಿಯ ಮುಖಂಡರೊಬ್ಬರು ಶಾಮಿಯಾನ ಹಾಕಿಸಿ, ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು ಸನ್ಮಾನ ಮಾಡುತ್ತಿದ್ದರು. ಗೆದ್ದ ಮೇಲೆ ಮಾಡುವುದಲ್ಲವೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಆಮೇಲೆ ನಂಗೆ ಟೈಮ್ ಇರಲ್ಲಮ್ಮ" ಎಂದರು. ಫ್ಲೆಕ್ಸಿನಲ್ಲಿ 'ಹಲಸೂರಿನ ಹಿಮಪುತ್ರಿ' ಎಂಬ ಬರಹದ ಪಕ್ಕ ದೋಣಿಯ ಹಿಂದೆ ಹಗ್ಗ ಹಿಡಿದು ಸಮುದ್ರದ ಮೇಲೆ ಸ್ಕೀಯಲ್ಲಿ ಹೋಗುತ್ತಿರುವ ಮೀಸೆಯ ಬಿಳಿಯನೊಬ್ಬನ ಚಿತ್ರವಿತ್ತು.

ಕೊನೆಗೆ ಸಾಹೇಬರು ಕರೆದರು. ಅವರಿಗೂ ಮೇಲಿನವರ ಒತ್ತಡ. "ಇದೊಂದ್ ಸಲ ನೋಡ್ತೀವಿ. ಮೂರನೇದಾದ್ರೂ ಬರ್ಬೇಕು. ಇಲ್ಲಾಂದ್ರೆ ನನ್ ಕೈಲಿ ಆಗಲ್ಲಮ್ಮ." ನಾನು ತಲೆಯಾಡಿಸಿ ಬಂದೆ. ಆ ಸಲ ಬತ್ತಿಗಳನ್ನು ಒಂದು ಕಟ್ಟು ಹೆಚ್ಚಿಗೆ ತಂದೆ. ಮೇಣ ಹಾಕಿದೆ, ಹೆರೆದೆ, ಮತ್ತೆ ಹಾಕಿದೆ, ಅಮ್ಮನ ಹಳೇ ರೇಷ್ಮೆ ಸೀರೆಯ ತುಂಡಿನಿಂದ ಉಜ್ಜಿದೆ.

ಹೊರಡುವ ದಿನ ಬೆಳಗ್ಗೆ ಕಾರ್ಖಾನೆಗೆ ಹೋಗಿ ರಜೆಯ ಸಹಿ ಹಾಕಿ ಬರುವುದಿತ್ತು. ಸಾಮಾನ್ಯವಾಗಿ ಮಧ್ಯಾಹ್ನವಾಗುತ್ತಿತ್ತು. ಅವತ್ತು ಸಹಿ ಬೇಗ ಸಿಕ್ಕಿತು, ಕೆ.ಆರ್. ಪುರದ ಕಡೆಯಿಂದ ಬಸ್ಸೂ ಬೇಗ ಬಂತು. ಮನೆಗೆ ಬಂದರೆ ಹಿತ್ತಲಿನಲ್ಲಿ ಕರಕರ ಸದ್ದು. ಹೋಗಿ ನೋಡಿದೆ.

ಒಗೆಯುವ ಕಲ್ಲಿನ ಮೇಲೆ ನನ್ನ ಸ್ಕೀಗಳು ಬೋರಲಾಗಿ ಮಲಗಿದ್ದವು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಣಸೆಹಣ್ಣು, ಇಟ್ಟಿಗೆಪುಡಿ ಬೆರೆಸಿದ ನಾರಿನ ಉಂಡೆ ಹಿಡಿದು ಮೈಯೆಲ್ಲ ಭಾರ ಹಾಕಿ ತಿಕ್ಕುತ್ತಿದ್ದಳು. ಕಲಬುರಗಿಯಾಕೆ ಕಾದ ನೀರು ಹೊಯ್ಯುತ್ತಿದ್ದಳು. ನನ್ನ ಮೇಣ ಬಿಳೀ ಚೂರುಚೂರಾಗಿ ಮೋರಿಯ ಕಡೆ ಹರಿಯುತ್ತಿತ್ತು.

"ಅಮ್ಮಾ! ಏನ್ ಮಾಡ್ತಿದೀಯ?"

"ಕಾಣಲ್ವಾ? ತೊಳೀತಿದೀನಿ. ಪೂಜೆ ಮಾಡ್ಬೇಡ್ವಾ?"

"ಅದು ಮೇಣ ಕಣಮ್ಮಾ!"

"ಅದೇ ಜಿಡ್ಡು. ಜಿಡ್ಡಿರೋ ಸಾಮಾನಿಗೆ ಕುಂಕುಮ ಇಡ್ಬಾರ್ದು ಅಂತ ಗೊತ್ತಿಲ್ವಾ? ಆಟೋದೋರೂ ತೊಳ್ದೇ ಪೂಜೆ ಮಾಡೋದು."

"ಪ್ರತಿ ವರ್ಷ ತೊಳೀತಿದ್ಯಾ?"

ನನ್ನ ಧ್ವನಿ ಕೇಳಿ ಅಮ್ಮ ಕೈ ನಿಲ್ಲಿಸಿದಳು. ಕಲಬುರಗಿಯಾಕೆ ಚೆಂಬು ಹಿಡಿದುಕೊಂಡೇ ಉತ್ತರ ಕೊಟ್ಟಳು: "ಹೌದ್ರಿ ತಂಗೀ, ಪ್ರತಿ ವರ್ಷ. ನಾನೇ ನೀರು ಹಾಕ್ತೀನ್ರಿ. ಭಾಳ ಹಠಮಾರಿ ಜಿಡ್ಡ್ರಿ ಇದು."

ನಾನು ಅಲ್ಲೇ ಬಾವಿಕಟ್ಟೆಯ ಮೇಲೆ ಕೂತೆ. ನನ್ನ ಎಲ್ಲ ಚಳಿಗಾಲಗಳೂ ಕಣ್ಮುಂದೆ ಬಂದವು: ಕೈಗೋಲು ಊರಿ ದಾಟಿದ ತಿರುವು, ಚಹಾ ಬಿಟ್ಟು ಎದ್ದು ಬಂದ ಫೌಜಿ, ಮಗ್ಗುಲು ಬದಲಿಸಿದ ತರಬೇತುದಾರ. ಎಲ್ಲರೂ ಸೇರಿ ನನ್ನನ್ನು ಅಸಮರ್ಥೆ ಮಾಡಿದ್ದರು, ನಾನೂ ಹೌದೆಂದು ಒಪ್ಪಿಕೊಂಡಿದ್ದೆ. ಹುಣಸೆಹಣ್ಣು! ಎದ್ದು ನಿಂತು ಕೂಗಿದೆ:

"ನಿಂಗೇನಾದ್ರೂ ಬುದ್ಧಿ ಇದ್ಯಾ? ಆ ಜಿಡ್ಡಿಂದಾನೇ ಅದು ಓಡೋದು! ತವಾ ಹಾಳ್ ಮಾಡ್ದೆ, ಕಪ್ಪು ಹಾಳ್ ಮಾಡ್ದೆ, ನನ್ ಜೀವನಾನೇ ತಿಕ್ಕಿ ಹಾಕ್ಬಿಟ್ಟೆ!"

ಅಮ್ಮ ನಾರನ್ನು ನೀರಿನಲ್ಲಿ ಹಿಂಡಿದಳು, ಕಲ್ಲಿನ ಮೇಲಿಟ್ಟಳು. "ನೀನು ಮೂರೂ ಹೊತ್ತು ಬೆಟ್ಟ ಬೆಟ್ಟ ಅಂತೀಯ," ಎಂದಳು. "ಬಂದು ಒಂದ್ ದಿನಾನಾದ್ರೂ ಇದು ಹಿಂಗೆ, ಅದು ಹಂಗೆ ಅಂತ ನನ್ ಹತ್ರ ಹೇಳಿದ್ಯಾ? ನೀನು ಕೈ ಕಾಲು ನೆಟ್ಟಗೆ ಇಟ್ಕೊಂಡು ವಾಪಸ್ ಬಂದೆ. ನಾನು ಪೂಜೆ ಫಲ ಅಂದ್ಕೊಂಡೆ."

ನಾನು ಸ್ಕೀಗಳನ್ನು ಕಿತ್ತುಕೊಂಡು ಒಳಗೆ ಹೋದೆ, ಒರೆಸಿ ಒಣಗಿಸಿ ಮತ್ತೆ ಮೇಣ ಹಾಕಿದೆ. ಅಮ್ಮ ಕುಂಕುಮದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಳು. "ಮುಟ್ಬೇಡ" ಎಂದೆ. ಹೂವು, ನಿಂಬೆಹಣ್ಣು, ಏನೂ ಇಲ್ಲದೆ, ಚೀಲದ ಬಾಯಿಗೆ ನಾನೇ ಗಂಟು ಹಾಕಿ, ದಂಡು ಸ್ಟೇಷನ್ನಿಗೆ ಆಟೋ ಹತ್ತಿದೆ. ಅಮ್ಮ ಗೇಟಿನವರೆಗೂ ಬರಲಿಲ್ಲ.

ಬೆಟ್ಟದ ಮೇಲೆ ಗಂಟು ಬಿಚ್ಚಿದೆ. ತಳ ಕಪ್ಪಗೆ ಮಿಂಚುತ್ತಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ ಅದನ್ನು ಮುಟ್ಟಲೂ ಮನಸ್ಸಾಗಲಿಲ್ಲ. ಅಭ್ಯಾಸದ ಓಟಗಳಲ್ಲಿ ಮೇಣ ಸವೆದುಹೋದರೆ ಗತಿಯೇನು? ಅವನ್ನು ಹಾಗೇ ಎತ್ತಿಟ್ಟು, ಸಂಘದ ಇನ್ನೊಂದು ಹಳೇ ಒಣಕಲು ಜೊತೆ ಕಟ್ಟಿಕೊಂಡು ಅಭ್ಯಾಸ ಮಾಡಿದೆ. ಒಳ್ಳೇ ಸೀರೆಯನ್ನು ಹಬ್ಬಕ್ಕೆಂದು ಪೆಟ್ಟಿಗೆಯಲ್ಲಿಡುವ ಬುದ್ಧಿ. ಅದು ಎಲ್ಲಿಂದ ಬಂತೆಂದು ಬೇರೆ ಹೇಳಬೇಕಾಗಿಲ್ಲ. ರಾತ್ರಿ ಹಾಸಿಗೆಯಲ್ಲಿ ಹುಣಸೆಹಣ್ಣಿನವಳನ್ನು ಬೈಯುತ್ತ ಬೈಯುತ್ತ ಅವಳ ಬುದ್ಧಿಯನ್ನೇ ಬಳಸಿದೆ.

ಪಂದ್ಯದ ದಿನ ಬೆಳಗ್ಗೆ ಇಳಿಜಾರು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಸದ್ದಿಲ್ಲದೆ ಇಳಿಯುವ ಆ ಬೆಟ್ಟದ ಹುಡುಗಿಯರೇ ಅದನ್ನು ನೋಡಿ ಆರಂಭದ ಕಂಬದ ಹತ್ತಿರ ಪಿಸುಪಿಸು ಮಾತಾಡುತ್ತಿದ್ದರು. ನನ್ನ ಸರದಿ ಬಂತು. ಕೈಗೋಲು ಊರಿ ಒಂದು ಸಲ ತಳ್ಳಿದೆ, ಎಂದಿನ ಅಭ್ಯಾಸಬಲದಿಂದ ಎರಡನೆಯ ಸಲ ತಳ್ಳಲು ಹೋದೆ. ನೆಲ ಆಗಲೇ ಹಿಂದಕ್ಕೆ ಹೋಗಿಯಾಗಿತ್ತು.

ಓಡಿತು. ಏನು ಓಡಿತು! ಮೊಟ್ಟೆಯ ಹಾಗೆ ಮಡಿಸಿಕೊಂಡೆ. ಹಿತ್ತಲಿನಲ್ಲಿ ಇಲ್ಲದ ಆ ಗಾಳಿ ಬಂದು ಹೆಲ್ಮೆಟ್ಟಿಗೆ ಬಡಿಯಿತು, ಕಣ್ಣಲ್ಲಿ ನೀರು ಬಂತು, ಚಾಚಾ ಬಿಟ್ಟ ಲೂಸು ಬಟ್ಟೆ ಬೆನ್ನ ಮೇಲೆ ಪಟಪಟ ಹೊಡೆದುಕೊಂಡಿತು. ಕಾಲ ಕೆಳಗೆ ಯಾವ ಸದ್ದೂ ಇರಲಿಲ್ಲ. ನಾನು ನಗುತ್ತಿದ್ದೆ, ಗಟ್ಟಿಯಾಗಿ, ಒಬ್ಬಳೇ. ನನ್ನ ಇಡೀ ಆಯುಸ್ಸಿನಲ್ಲಿ ಅಷ್ಟು ಸಂತೋಷವಾಗಿ ನಾನು ಮೊದಲೂ ಇರಲಿಲ್ಲ, ಆಮೇಲೂ ಇಲ್ಲ.

ಆಮೇಲೆ ಎಡ ತಿರುವು ಬಂತು. ಅದು ಅಷ್ಟು ಬೇಗ ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಅಷ್ಟು ವರ್ಷ ಆ ಜಾಗವನ್ನು ನಾನು ನಡೆದು ದಾಟಿದ್ದವಳು. ವೇಗದಲ್ಲಿ ತಿರುಗುವುದು ಹೇಗೆಂದು ನೋಡಿದ್ದೆ, ಕೇಳಿದ್ದೆ, ಮಾಡಿರಲಿಲ್ಲ; ಮಾಡಲು ವೇಗವೇ ಇರಲಿಲ್ಲ. ಬೆಟ್ಟ ಎಡಕ್ಕೆ ಹೋಯಿತು, ನಾನು ನೇರ ಹೋದೆ. ಕಿತ್ತಳೆ ಬಣ್ಣದ ಬಲೆ ಕಂಡದ್ದು ನೆನಪಿದೆ. ಒಂದು ಸ್ಕೀ ಕಳಚಿಕೊಂಡಿತು. ಇನ್ನೊಂದನ್ನು ಬೂಟಿಗೆ ಹಿಡಿದಿದ್ದ ಸಂಘದ ತುಕ್ಕುಹಿಡಿದ ಕೊಂಡಿ ನಿಯತ್ತಿನಿಂದ ಕಚ್ಚಿಕೊಂಡೇ ಇತ್ತು. ಬಲಗಾಲಿನ ಮೂಳೆ ಮುರಿದ ಸದ್ದು ನನಗೇ ಕೇಳಿಸಿತು.

ಕಾರ್ಯದರ್ಶಿಗಳು ಆಸ್ಪತ್ರೆಗೆ ಬಂದು ಮಂಚದ ಪಕ್ಕ ಕೂತರು. ಕಾಲಿನ ಪ್ಲಾಸ್ಟರನ್ನು ಒಂದು ಸಲ ತಟ್ಟಿ ನೋಡಿದರು. ಆಮೇಲೆ ಹೇಳಿದರು. ಹೆಪ್ಪುಗಟ್ಟಿದ ಆ ಇಳಿಜಾರಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಬಿದ್ದಿದ್ದರು. ಹೆಂಗಸರ ಡೌನ್‌ಹಿಲ್ಲಿನಲ್ಲಿ ಗೆರೆ ದಾಟಿದವರು ಮೂವರೇ ಮೂವರು. ಮೂರನೆಯವಳು ಒಮ್ಮೆ ಬಿದ್ದು, ಎದ್ದು, ಹೆದರಿ ಹೆದರಿ ಇಳಿದು ಬಂದಳಂತೆ.

"ಹೋದ್ವರ್ಷದ ನಿನ್ ಟೈಮಿಗಿಂತ ಜಾಸ್ತಿ ತಗೊಂಡಿದಾಳೆ," ಎಂದರು. "ನೀನು ಹೋದ್ವರ್ಷದ ಥರಾನೇ ಬಂದಿದ್ರೆ ಸಾಕಿತ್ತಮ್ಮ. ಅದೇ ಸ್ಪೀಡು. ಯಾಕ್ ಇಷ್ಟ್ ಅರ್ಜೆಂಟ್ ಮಾಡ್ದೆ?"

ಅಂದರೆ ಹುಣಸೆಹಣ್ಣಿನಲ್ಲಿ ತೊಳೆದ ಸ್ಕೀ ಕಟ್ಟಿಕೊಂಡು, ಕೈಗೋಲು ಊರಿಕೊಂಡು, ಬಸ್ ಸ್ಟಾಪಿಗೆ ಹೋಗುವವಳ ಹಾಗೆ ಇಳಿದಿದ್ದರೆ ಕಂಚು ನನ್ನದು, ಕೆಲಸ ನನ್ನದು, ಬೆಟ್ಟ ನನ್ನದು. ಪದಕ ಹೋದರೇನು, ಆ ಓಟವೊಂದೇ ಸಾಕು ಎಂದು ದೊಡ್ಡ ಮನಸ್ಸಿನವರು ಹೇಳುತ್ತಾರೆ. ನನ್ನದು ಅಷ್ಟು ದೊಡ್ಡ ಮನಸ್ಸಲ್ಲ. ನಾನು ಗೋಡೆಯ ಕಡೆ ತಿರುಗಿ ಅತ್ತೆ.

ದಂಡು ಸ್ಟೇಷನ್ನಿನಲ್ಲಿ ಗಾಲಿಕುರ್ಚಿಯಲ್ಲಿ ಇಳಿದರೆ ಎದುರಿಗೆ ಡೊಳ್ಳಿನವರು. 'ಪದಕ ವಿಜೇತೆ' ಎಂಬ ಫ್ಲೆಕ್ಸನ್ನು ಮುಖಂಡರು ಮೊದಲೇ ಮಾಡಿಸಿಟ್ಟಿದ್ದರಂತೆ. 'ಪದಕ'ದ ಮೇಲೆ ಬಿಳೀ ಕಾಗದ ಅಂಟಿಸಿ ತಂದಿದ್ದರು. ಚಿತ್ರದ ಮೀಸೆಯವನು ಅಲ್ಲೇ ಇದ್ದ. ಶಾಲು ಹೊದಿಸಿದರು. ಪೇಟ ತೊಡಿಸಿದರು. ಹಣ್ಣಿನ ಬುಟ್ಟಿಯನ್ನು ಪ್ಲಾಸ್ಟರಿನ ಮೇಲಿಟ್ಟರು.

ಅಮ್ಮ ಮನೆಯಲ್ಲಿದ್ದಳು. ಕಾಲು ನೋಡಿದಳು, ತಟ್ಟೆ ಹಾಕಿದಳು. 'ನಾನು ಪೂಜೆ ಮಾಡಿದ್ದರೆ' ಎಂದು ಶುರು ಮಾಡುತ್ತಾಳೆ, ನಾನು ಜಗಳಕ್ಕೆ ಇಳಿಯಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಎಲ್ಲ ವ್ಯರ್ಥವಾಯಿತು. ಊಟ ಬಡಿಸುವಾಗ ಒಂದೇ ಮಾತು ಕೇಳಿದಳು: "ಓಡ್ತಾ?"

"ಓಡ್ತು."

"ಚೆನ್ನಾಗಿ?"

"ಹೂಂ."

ಇನ್ನೊಂದು ಸೌಟು ಸಾರು ಹಾಕಿ ಒಳಗೆ ಹೋದಳು.

ಕಾರ್ಖಾನೆಯವರು ಮಾತಿಗೆ ತಪ್ಪಲಿಲ್ಲ, ಕೆಲಸ ಹೋಯಿತು. ಈಗ ಮಾರತ್ತಹಳ್ಳಿ ಜಂಕ್ಷನ್ನಿನ ಒಂದು ಶೂ ಅಂಗಡಿಯಲ್ಲಿದ್ದೇನೆ. ಐಟಿಯ ಹುಡುಗರು ವಾರಾಂತ್ಯದ ಬೆಟ್ಟಕ್ಕೆಂದು ದಪ್ಪ ತಳದ ಶೂ ಕೊಳ್ಳಲು ಬಂದು, "ಜಾರಲ್ಲ ತಾನೇ ಮೇಡಂ?" ಎನ್ನುತ್ತಾರೆ. ಜಾರುವುದಿಲ್ಲವೆಂದು ಭರವಸೆ ಕೊಡುವುದಕ್ಕೆ ಈಗ ನನಗೆ ಸಂಬಳ.

ಸ್ಕೀಗಳನ್ನು ಸಂಘ ವಾಪಸು ಕೇಳಲಿಲ್ಲ. ಪ್ಲಾಸ್ಟರು ಬಿಚ್ಚುವ ಮೊದಲೇ ಕುರ್ಚಿಯ ಮೇಲೆ ಕಾಲು ಚಾಚಿಕೊಂಡು, ಅವುಗಳಿಗೆ ದಪ್ಪಗೆ ಮೇಣ ಬಳಿದು ಬಾಗಿಲ ಹಿಂದೆ ನಿಲ್ಲಿಸಿದೆ. ಎತ್ತಿಡುವಾಗ ಹಾಗೆ ಬಳಿದಿಟ್ಟರೆ ತಳ ಹಾಳಾಗುವುದಿಲ್ಲ. ಯಾವುದಕ್ಕಾಗಿ ಹಾಳಾಗಬಾರದು ಎಂದು ನಾನು ಯೋಚಿಸಲಿಲ್ಲ.

ಆ ವರ್ಷದ ಆಯುಧಪೂಜೆಯ ಬೆಳಗ್ಗೆ ಕಲಬುರಗಿಯಾಕೆ ಸ್ಕೂಟರು, ಕುಡುಗೋಲು, ಸುತ್ತಿಗೆಗಳನ್ನೆಲ್ಲ ಹಿತ್ತಲಿಗೆ ಸಾಗಿಸುತ್ತಿದ್ದವಳು ಎಂದಿನಂತೆ ಸ್ಕೀಗಳಿಗೂ ಕೈ ಹಾಕಿದಳು. ಅಮ್ಮ ಅಡುಗೆಮನೆಯಿಂದ ಓಡಿ ಬಂದಳು. ಹಾಗೆ ಓಡಿದ್ದನ್ನು ನಾನು ಕಂಡೇ ಇರಲಿಲ್ಲ.

"ಏಯ್, ಮುಟ್ಬೇಡ ಅದನ್ನ!"

"ಜಿಡ್ಡಾಗೇದಲ್ರೀ ಅಕ್ಕೋರ. ಕುಂಕುಮ ಹೆಂಗ ಹಚ್ಚೂದು?"

"ಇರ್ಲಿ. ಅದು ಓಡೋ ಜಿಡ್ಡು."

ಅಮ್ಮ ಒಣಬಟ್ಟೆ ತಂದು ಅಂಚಿನ ಧೂಳನ್ನಷ್ಟೇ, ಮೇಣಕ್ಕೆ ತಾಗದ ಹಾಗೆ, ಉಸಿರು ಹಿಡಿದು ಒರೆಸಿದಳು. ಆಮೇಲೆ ಬಟ್ಟಲಿಗೆ ಬೆರಳದ್ದಿ ಸ್ಕೀಯ ಹತ್ತಿರ ತಂದಳು, ಕೈ ತಡೆದಳು, ನನ್ನ ಕಡೆ ನೋಡದೆ ಪಕ್ಕದ ಗೋಡೆಗೆ ಕುಂಕುಮವಿಟ್ಟಳು.